ಕಮರದ ಮರಕ್ಕೆ ತಂದ ಅಲಗು

ಗರಗಸದ ಕೆಲಸ ಒಬ್ಬನಿಂದ ಆಗುವುದಲ್ಲ. ದಿಮ್ಮಿಯ ಮೇಲೆ ಒಬ್ಬ ನಿಲ್ಲಬೇಕು, ಅದರ ಕೆಳಗೆ ತೋಡಿದ ಗುಂಡಿಯಲ್ಲಿ ಇನ್ನೊಬ್ಬ ನಿಲ್ಲಬೇಕು. ಮೇಲಿನವನು ಗರಗಸ ಎತ್ತುತ್ತಾನೆ, ಗೆರೆ ತಪ್ಪದಂತೆ ನೋಡುತ್ತಾನೆ. ಕೆಳಗಿನವನು ಎಳೆಯುತ್ತಾನೆ, ದಿನವಿಡೀ ಮರದ ಹೊಟ್ಟು ಮುಖದ ಮೇಲೆ ಸುರಿಸಿಕೊಳ್ಳುತ್ತಾನೆ. ನಾನು, ಮತ್ತೋಡಿನ ಸಣ್ಣತಿಮ್ಮಪ್ಪ, ಇಪ್ಪತ್ತು ವರ್ಷ ಮೇಲೆಯೇ ನಿಂತವನು. ಕೊನೆಯ ಎಂಟು ವರ್ಷ ನನ್ನ ಕೆಳಗೆ ನಿಂತವನು ನನ್ನ ಹೆಂಡತಿ ಚಂದ್ರಕ್ಕನ ತಮ್ಮ ಚಿತ್ತಪ್ಪ.

ನನ್ನ ಬಾಯಿ ಒಳ್ಳೆಯದಲ್ಲ. ಸಿಟ್ಟು ಬಂದರೆ ಎದುರಿಗೆ ಗೌಡನಿರಲಿ, ಗುರುವಿರಲಿ, ಒಂದು ಮಾತು ಆಡಿಯೇ ಬಿಡುತ್ತೇನೆ. ಹಾಗೆ ಆಡುವುದನ್ನು ಗಂಡಸುತನ ಎಂದುಕೊಂಡಿದ್ದೆ. ಆಡಲೇಬೇಕಾದ ಒಂದೇ ಒಂದು ಮಾತನ್ನು ಮಾತ್ರ ನಾಲ್ಕು ತಿಂಗಳು ಗಂಟಲಲ್ಲಿ ಇಟ್ಟುಕೊಂಡು ತಿರುಗಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರಿಕಣಿವೆಯ ಕಟ್ಟೆ ಏಳುತ್ತಿದ್ದ ಕಾಲ ಅದು. ನಮ್ಮೂರಿನ ಏಕಾಂತಪ್ಪನವರು, ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ಹೊಸ ಮನೆ ಕಟ್ಟಿಸುತ್ತಿದ್ದರು. ತೊಲೆಗೂ ತಲೆಬಾಗಿಲಿಗೂ ಬೇಕೆಂದು ತಮ್ಮ ಹೊಲದ ಬದುವಿನಲ್ಲಿದ್ದ ಕಮರದ ಮರ ಕೊಯ್ಯಲು ನಮಗೆ ಹೇಳಿದರು. ಕಮರ ಅಂದರೆ ಸಾಮಾನ್ಯ ಮರವಲ್ಲ. ಒಣಗಿದ ಕಮರಕ್ಕೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಈ ಮರವೋ ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ.

ಮರ ನೋಡಲು ಹೋದ ದಿನ ಚಿತ್ತಪ್ಪ ಬುಡವನ್ನು ಒಂದು ಸುತ್ತು ಹಾಕಿ, ಏಕಾಂತಪ್ಪನವರ ಮುಂದೆಯೇ ಹೇಳಿಬಿಟ್ಟ.

"ಭಾವ, ನಮ್ಮ ಹಳೇ ಅಲಗು ಇದಕ್ಕೆ ಆಗಕ್ಕಿಲ್ಲ. ಗಿಡ್ಡ ಐತೆ, ಹಲ್ಲೂ ಸವೆದವೆ. ಹೋದ ಸಲ ಬೇವು ಕೊಯ್ವಾಗ್ಲೇ ಗೆರೆ ಸೊಟ್ಟ ಹೋಗಿತ್ತಲ್ಲ."

ಹೇಳಿದ್ದು ನಿಜವೇ. ಆದರೆ ಯಜಮಾನರ ಮುಂದೆ ಹೇಳಿದ. ನನಗೆ ನೆತ್ತಿಗೇರಿತು.

"ಲೇ, ನಿನಗೆ ಗರಗಸ ಹಿಡಿಯೋದು ಕಲಿಸಿದೋನು ನಾನು. ನನಗೇ ಹೇಳಕ್ಕೆ ಬಂದೆಯಾ? ನೀನು ಗುಂಡಿ ತೋಡು ಹೋಗು. ಅಲಗು ನಾನು ತರ್ತೀನಿ," ಎಂದೆ.

ಅವನು ತಲೆ ತಗ್ಗಿಸಿದ. ಏಕಾಂತಪ್ಪನವರು ನಕ್ಕು, "ಭಾವ ಭಾಮೈದ ಜಗಳ ಆಮ್ಯಾಲೆ ಆಡ್ರಿ. ಮುಂದಿನ ತಿಂಗಳು ಬಾಗಿಲು ನಿಲ್ಲಿಸೋ ಮುಹೂರ್ತ ಐತೆ, ನೆನಪಿರಲಿ," ಎಂದರು.

ನಮ್ಮ ಕಸುಬಿನಲ್ಲಿ ಎರಡು ಕಟ್ಟಳೆಗಳಿವೆ. ಹೊಸ ಅಲಗು ತಂದರೆ, ಗರಗಸದ ಮರದ ಚೌಕಟ್ಟಿಗೆ ಕಟ್ಟುವ ಮೊದಲು ಅದನ್ನು ಕೆಳಗೆ ನಿಲ್ಲುವವನ ಕೈಗೆ ಕೊಡಬೇಕು. ಅವನು ಆ ತುದಿಯಿಂದ ಈ ತುದಿಗೆ ಬೆರಳಾಡಿಸಿ, ಬಗ್ಗಿಸಿ ನೋಡಿ, ಹೂಂ ಅನ್ನಬೇಕು. ಯಾಕೆಂದರೆ ಅಲಗು ಮುರಿದರೆ ಅದು ಬೀಳುವುದು ಅವನ ಮೇಲೆ. ಇನ್ನೊಂದು, ಮರಕ್ಕೆ ಹೇಳಿಕೊಳ್ಳುವವನೂ ಅವನೇ. ಕೊಡಲಿ ಹಾಕುವ ಮುಂಚೆ ಬುಡದಲ್ಲಿ ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟು, "ಹೊಟ್ಟೆಪಾಡು ತಾಯಿ, ತಪ್ಪು ತಿಳೀಬೇಡ," ಎಂದು ಕೈ ಮುಗಿಯಬೇಕು. ನನ್ನಪ್ಪನ ಕಾಲದಲ್ಲೂ ಹೀಗೇ, ಅವನಪ್ಪನ ಕಾಲದಲ್ಲೂ ಹೀಗೇ.

ನಾನು ಮರುದಿನವೇ ಒಬ್ಬನೇ ದುರ್ಗಕ್ಕೆ ಹೊರಟೆ. ಸಿಟ್ಟಿನಲ್ಲಿ ಹೊರಟವನಿಗೆ ಚೌಕಟ್ಟಿನ ಅಳತೆಯ ಹುರಿ ತೆಗೆದುಕೊಳ್ಳುವುದೇ ಮರೆತುಹೋಯಿತು. ಕೊಬ್ಬರಿ ತುಂಬಿದ ಗಾಡಿಯೊಂದು ಸಿಕ್ಕಿತು, ಹತ್ತಿಕೊಂಡೆ. ದುರ್ಗದ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯವನು ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಸೀಮೆ ಅಲಗುಗಳನ್ನು ತೆಗೆದು ಸಾಲಾಗಿ ಹಾಸಿದ. ನನಗೆ ಆರಿಸಲು ಬರುವುದಿಲ್ಲ ಅಂದುಕೊಳ್ಳಬೇಡಿ. ದೊಡ್ಡ ಹಲ್ಲಿನ ಅಲಗು ಮೆತ್ತನೆಯ ಮರಕ್ಕೆ; ಅದನ್ನು ಪಕ್ಕಕ್ಕೆ ಸರಿಸಿದೆ. ತೆಳ್ಳನೆಯದು ಕಮರದೊಳಗೆ ಹಾವಿನ ಹಾಗೆ ನುಲಿದುಕೊಳ್ಳುತ್ತದೆ, ಅದನ್ನೂ ಬಿಟ್ಟೆ. ಹಲ್ಲು ಸಣ್ಣ, ಒತ್ತೊತ್ತಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ಸ್ವಲ್ಪವೇ ಬಾಗಿದ, ಬೆನ್ನು ದಪ್ಪವಿದ್ದ ಅಲಗನ್ನು ಎತ್ತಿ ಬಗ್ಗಿಸಿದೆ. ಬಿಟ್ಟ ಕೂಡಲೇ ನೆಟ್ಟಗಾಯಿತು. ಎಂಥಾ ಉಕ್ಕು ಅಂತೀರಿ!

"ಚೌಕಟ್ಟಿನ ಅಳತೆ ತಂದಿದೀರೇನ್ರಿ?" ಎಂದು ಅಂಗಡಿಯವನು ಕೇಳಿದ.

"ನನ್ನ ಮೊಳಾನೇ ಅಳತೆ. ಕಟ್ಟಿ ಕೊಡಯ್ಯ," ಎಂದೆ.

ಮನೆಗೆ ಬಂದು ಚೌಕಟ್ಟಿಗೆ ಹಿಡಿದರೆ ಅಲಗು ನಾಲ್ಕು ಬೆರಳು ಉದ್ದ. ಅಲಗಿನ ತೂತು ಚೌಕಟ್ಟಿನ ಅಡ್ಡಪಟ್ಟಿಯಿಂದ ಹೊರಗೆ ಹೋಗಿ ನಿಂತಿತ್ತು. ಅಲಗನ್ನು ಗೋಣಿಯಲ್ಲಿ ಸುತ್ತಿಕೊಂಡು, ಚಿತ್ತಪ್ಪನ ಕಣ್ಣಿಗೆ ಬೀಳದ ಹಾಗೆ, ಹೊಸದುರ್ಗದ ಕಮ್ಮಾರ ಓಬಳೇಶಪ್ಪನ ಹತ್ತಿರ ಹೋದೆ. ನಾಲ್ಕು ಬೆರಳು ಒಳಗೆ ಇನ್ನೊಂದು ತೂತು ಹೊಡೆದುಕೊಡು ಎಂದೆ. ಅವನು ಅಲಗನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟ.

"ಕಾಯಿಸದೆ ಇದಕ್ಕೆ ತೂತು ಬೀಳಕ್ಕಿಲ್ಲ. ಕಾಯಿಸಿದ್ರೆ ಹದ ಹೋಗ್ತೈತೆ. ಉದ್ದಕ್ಕೆ ಹೊಸ ಚೌಕಟ್ಟು ಮಾಡಿಸ್ರಿ," ಎಂದ.

"ಚೌಕಟ್ಟಿಗೆ ಒಣಗಿದ ಮರ ಹುಡುಕಿ ಮಾಡಿಸೋ ಹೊತ್ತಿಗೆ ಮುಹೂರ್ತ ಕಳೆದೋಗ್ತದೆ ಕಣಯ್ಯ."

"ಕೆಳಗೆ ನಿಲ್ಲೋರು ಯಾರು?"

"ನನ್ನ ಭಾಮೈದ."

"ಅವನ್ನ ಕರ್ಕೊಂಬರ್ರಿ. ಅವನು ಕಣ್ಣಾರೆ ನೋಡಿ ಹೂಂ ಅಂದ್ರೆ ಮಾಡಿಕೊಡ್ತೀನಿ. ಇಲ್ದಿದ್ರೆ ಇಲ್ಲ."

ಚಿತ್ತಪ್ಪನನ್ನು ಕರೆದುಕೊಂಡು ಹೋಗುವುದೆಂದರೆ ಏನು? ಅಳತೆ ತಪ್ಪಿದ್ದು ನಾನೇ ಎಂದು ಅವನ ಮುಂದೆ ಒಪ್ಪಿಕೊಳ್ಳುವುದು. ಸತ್ತರೂ ಆಗದು ಎಂದುಕೊಂಡೆ. ಮನೆಗೆ ಬಂದು, ಹಿತ್ತಿಲಲ್ಲಿ ಇದ್ದಿಲು ಹಾಕಿ, ತಿದಿಯೂದಿ, ಅಲಗಿನ ತುದಿಯನ್ನು ಕೆಂಪಗೆ ಕಾಯಿಸಿ ನಾನೇ ತೂತು ಹೊಡೆದೆ. ಆರಲೆಂದು ಕಲಗಚ್ಚಿನ ಬಾನಿಯಲ್ಲಿ ಅದ್ದಿದೆ. ಛುಯ್ಯೆಂದಿತು. ಹೊರಗೆ ತೆಗೆದರೆ ತೂತಿನ ಸುತ್ತ ಉಕ್ಕು ನೀಲಿಗಟ್ಟಿತ್ತು. ಹೆಚ್ಚಾಗಿದ್ದ ನಾಲ್ಕು ಬೆರಳನ್ನು ಬಡಿದೆ. ಅದು ಒಂದೇ ಏಟಿಗೆ ಕಡಿದುಬಿತ್ತು. ಉಕ್ಕು ಹಾಗೆ ಕಡಿದುಬೀಳಬಾರದು. ಇಪ್ಪತ್ತು ವರ್ಷ ಗರಗಸ ಹಿಡಿದವನಿಗೆ ಅದು ಗೊತ್ತಾಗಲಿಲ್ಲವೇ? ಗೊತ್ತಾಯಿತು. ಗೊತ್ತಾಗದವನಂತೆ ಅಲಗನ್ನು ಚೌಕಟ್ಟಿಗೆ ಕಟ್ಟಿ, ಬೆಣೆ ಹೊಡೆದು, ಬಿಗಿ ಮಾಡಿದೆ. ಸುಟ್ಟ ತುದಿ ಕೆಳಗಿನ ಅಡ್ಡಪಟ್ಟಿಯೊಳಗೆ ಮುಚ್ಚಿಹೋಯಿತು.

ಅಷ್ಟರಲ್ಲಿ ಚಿತ್ತಪ್ಪ ಮರ ಉರುಳಿಸಿ, ಅಲ್ಲೇ ಬುಡದ ಪಕ್ಕದಲ್ಲಿ ಗುಂಡಿ ತೋಡಿ, ದಿಮ್ಮಿಯನ್ನು ಅಡ್ಡಗಂಬಗಳ ಮೇಲೆ ಏರಿಸಿದ್ದ. ಕಟ್ಟಿ ತಂದ ಗರಗಸ ನೋಡಿ ಅವನ ಮುಖ ಚಿಕ್ಕದಾಯಿತು.

"ಕಟ್ಟೇಬಿಟ್ಟೆಯಾ ಭಾವ? ಒಂದ್ಸಲ ಬಿಚ್ಚಿ ನೋಡಾಣ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ? ಬಿಗಿ ಮಾಡಕ್ಕೆ ಅರ್ಧ ದಿನ ಹಿಡಿದೈತೆ. ಇಳಿಯೋ ಕೆಳಕ್ಕೆ!" ಎಂದು ಕೂಗಿದೆ.

ಅವನು ಇಳಿದ.

ಮೂರು ದಿನ ಆ ಅಲಗು ಕಮರವನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ಯಿತು. ಚಿತ್ತಪ್ಪನೇ ಗುಂಡಿಯಿಂದ, "ಭೇಷ್ ಭಾವ, ಒಳ್ಳೇ ಅಲಗು ತಂದೀಯ," ಎಂದ. ನಾನು ಉಬ್ಬಿಹೋದೆ. ನಾಲ್ಕನೆಯ ದಿನ ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ, ಕೆಳಗೆ ಫಟ್ ಎಂದು ಸದ್ದಾಯಿತು. ಗರಗಸ ನನ್ನ ಕೈಯಲ್ಲಿ ಹಗುರವಾಯಿತು. ಗುಂಡಿಯೊಳಗಿಂದ ಚಿತ್ತಪ್ಪ ಕೂಗಲೂ ಇಲ್ಲ. ಇಳಿದು ನೋಡಿದರೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿದು, ಎದೆಯ ಮೇಲಿನ ಹೊಟ್ಟು ಮುದ್ದೆಯಾಗಿತ್ತು.

ಹೊಸದುರ್ಗದ ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಬಲಗಣ್ಣು ಉಳಿಯಲಿಲ್ಲ.

ಅವನನ್ನು ಗಾಡಿಯಲ್ಲಿ ಮನೆಗೆ ಕರೆತಂದ ದಿನ ಅವನ ಹೆಂಡತಿ ಬೋರಕ್ಕ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳಿಗೆ ಆಗ ಮೂರು ತಿಂಗಳು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸಿರು. ಎದೆ ಎದೆ ಬಡಿದುಕೊಂಡು ಚಂದ್ರಕ್ಕನಿಗೆ ಹೇಳಿದಳು.

"ನಾನೇ ತಿಂದೆ ಅತ್ಗೆ, ನಾನೇ ತಿಂದೆ! ಮರಕ್ಕೆ ಅಂತ ಮಡಗಿದ್ದ ಕಾಯಿ ನೋಡಿ ಬಾಯಲ್ಲಿ ನೀರು ಬಂತು. ಒಂದು ಹೋಳು ಕೊಡು ಅಂದೆ. ಇವ್ರು ಇಡೀ ಕಾಯಿ ಒಡೆದು ಕೊಟ್ಟುಬಿಟ್ರು. ಬರೀ ಎಲೆ ಅಡಿಕೆ ಮಡಗಿ ಮರ ಕಡಿದ್ರು. ನನ್ನ ನಾಲಿಗೆ ಸೇದಿಹೋಗ!"

ಚಿತ್ತಪ್ಪ ಪಟ್ಟಿ ಕಟ್ಟಿದ ತಲೆಯನ್ನು ಗೋಡೆಗೆ ಒರಗಿಸಿ, "ತಪ್ಪು ನಂದು ಕಣೆ. ನಾಳೆ ಇನ್ನೊಂದು ಮಡಗಿದ್ರಾತು ಅಂದ್ಕಂಡೆ," ಎಂದ.

ಸುತ್ತ ನೆರೆದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅಂಥ ಹಳೇ ಮರಕ್ಕೆ ಕಾಯಿ ತಪ್ಪಿಸಿದರೆ ಬಿಡುತ್ತದೆಯೇ ಎಂದರು. ನನ್ನ ಕಡೆ ಯಾರೂ ನೋಡಲಿಲ್ಲ. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಎದೆ ಹಗುರವಾಯಿತು. ಸದ್ಯ, ಮರದ ಮೇಲೆ ಹೋಯಿತು ಎಂದುಕೊಂಡೆ. ಮುರಿದ ಅಲಗಿನ ತುಂಡುಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದೆ.

ಬೋರಕ್ಕ ಹರಕೆ ಹೊತ್ತಳು. ಮಗು ಹುಟ್ಟುವವರೆಗೆ ಮುದ್ದೆ ಉಣ್ಣುವುದಿಲ್ಲ, ದಿನಕ್ಕೆ ಒಂದೇ ಹೊತ್ತು ಒಂದು ಹಿಡಿ ಮಂಡಕ್ಕಿ, ಒಂದು ಚೆಂಬು ನೀರು. ದಿನವೂ ನಡುಮಧ್ಯಾಹ್ನ ಆ ಮರದ ಬೊಡ್ಡೆಯ ಹತ್ತಿರ ನಡೆದು ಹೋಗಿ, ಒಂದು ಕಾಯಿ ಇಟ್ಟು, ಇಪ್ಪತ್ತೊಂದು ಸುತ್ತು ಬರುವುದು. ನನ್ನ ಕಣ್ಣು ಬೇಕಿದ್ರೂ ತಗೋ, ಕೂಸಿಗೆ ಮಾತ್ರ ಏನೂ ಮಾಡಬೇಡ ಎಂದು ಅದಕ್ಕೆ ಹೇಳಿಕೊಳ್ಳುತ್ತಿದ್ದಳಂತೆ.

ಚಿತ್ತಪ್ಪ ಮೂಲೆ ಹಿಡಿದಿದ್ದರಿಂದ ಅವನ ಹೊಲದ ಕೆಲಸ ನಾನೇ ಮಾಡುತ್ತಿದ್ದೆ. ಊರವರು ನನ್ನನ್ನು ಹೊಗಳಿದರು. ಕೆಲಸ ಮುಗಿಸಿ ಅವರ ಮನೆಗೆ ಹೋದರೆ ಬೋರಕ್ಕ, "ಕುಂತ್ಕ ಅಣ್ಣ, ದಣಿದೀಯ," ಎಂದು ಕೈಕಾಲಿಗೆ ನೀರು ಕೊಟ್ಟು, ತನ್ನ ಕೈಯಾರೆ ಬಿಸಿ ಮುದ್ದೆ ಬಡಿಸುತ್ತಿದ್ದಳು. ತಾನು ಎದುರಿಗೆ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಹುರುಳಿ ಸಾರಿನ ವಾಸನೆಗೆ ಅವಳ ಗಂಟಲು ಅಲುಗಾಡುವುದು ನನಗೆ ಕಾಣುತ್ತಿತ್ತು. ನಾನು ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದೆ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ. ಹೇಳಿದರೆ ಚಂದ್ರಕ್ಕ ತನ್ನ ತಮ್ಮನ ಕಣ್ಣು ತೆಗೆದವನ ಜೊತೆ ಬಾಳುತ್ತಾಳೆಯೇ? ಈ ಸೀಮೆಯಲ್ಲಿ ನನ್ನ ಗರಗಸದ ಕೆಳಗೆ ಇನ್ನು ಯಾವನು ನಿಲ್ಲುತ್ತಾನೆ? ಹೀಗೆ ಯೋಚಿಸುತ್ತಾ ಎರಡನೆಯ ಮುದ್ದೆಯನ್ನೂ ಮುಗಿಸುತ್ತಿದ್ದೆ.

ಏಳು ತಿಂಗಳು ತುಂಬಿದಾಗ ಅವಳ ಕೈಯಲ್ಲಿ ಬಳೆ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಚಂದ್ರಕ್ಕ ತಮ್ಮನ ಮನೆಯಿಂದ ಓಡೋಡುತ್ತಾ ಬಂದಳು.

"ಸೂಲಗಿತ್ತಿ ಬಂದು ಹೊಟ್ಟೆ ನೋಡಿದ್ಲು. ಕೂಸು ಬೆಳೀತಿಲ್ಲವಂತೆ. ಹಿಂಗೇ ಉಪವಾಸ ಬಿದ್ರೆ ತಾಯಿ ಮಗು ಎರಡೂ ಕೈಗೆ ಸಿಗಕ್ಕಿಲ್ಲ ಅಂತಾಳೆ. ನಾನು ಕಾಲಿಗೆ ಬಿದ್ದೆ, ಅವಳು ಕೇಳದೆ ಹೊಲಕ್ಕೆ ಹೊರಟೋದ್ಲು. ನೀವು ಬರ್ರಿ. ಅಣ್ಣ ಅಂದ್ರೆ ಅವಳಿಗೆ ದೇವರಿದ್ದಂಗೆ. ನೀವು ಹೇಳಿದ್ರೆ ಉಣ್ತಾಳೆ."

ನಾನು ಅಟ್ಟ ಹತ್ತಿ ಗೋಣಿ ಇಳಿಸಿದೆ. "ಅದ್ಯಾಕ್ರಿ ಈಗ?" ಎಂದು ಚಂದ್ರಕ್ಕ ಕೇಳಿದಳು. "ಬಾ, ಹೋಗಾಣ," ಎಂದಷ್ಟೇ ಹೇಳಿದೆ.

ನಾವು ಹೊಲ ಮುಟ್ಟಿದಾಗ ಬೋರಕ್ಕ ಬೊಡ್ಡೆ ಸುತ್ತುತ್ತಿದ್ದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ. ಚಿತ್ತಪ್ಪ ತುಸು ದೂರದಲ್ಲಿ ಕೂತು ಸುತ್ತು ಎಣಿಸುತ್ತಿದ್ದ. ಅವಳು ಎಡವಿದರೆ ಹಿಡಿಯಲು ದಿನವೂ ಬರುತ್ತಿದ್ದನಂತೆ. ಗುಂಡಿ ಹಾಗೇ ಬಾಯಿ ತೆರೆದುಕೊಂಡಿತ್ತು.

"ನಿಲ್ಲು ತಾಯಿ. ಸುತ್ತಬೇಡ. ಮರ ನಿನಗೇನೂ ಮಾಡಿಲ್ಲ," ಎಂದೆ. "ನಿನ್ನ ಗಂಡನ ಕಣ್ಣು ಕಳೆದೋನು ನಾನು."

ಎಲ್ಲ ಹೇಳಿದೆ. ಅಳತೆ ತಪ್ಪಿದ್ದು, ಓಬಳೇಶಪ್ಪ ಬೇಡ ಅಂದಿದ್ದು, ಹಿತ್ತಿಲಲ್ಲಿ ಕಾಯಿಸಿ ತೂತು ಹೊಡೆದಿದ್ದು, ಚಿತ್ತಪ್ಪ ಬಿಚ್ಚಿ ನೋಡಾಣ ಅಂದಾಗ ಕೂಗಾಡಿದ್ದು. ಹೇಳುವಾಗ ಅಳು ಬಂತು, ಒರೆಸಿಕೊಳ್ಳಲಿಲ್ಲ.

ಬೋರಕ್ಕ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಬತ್ತಿದ ಮುಖದಲ್ಲಿ ನಗು ಬಂತು. ನಾನು ಬೈಗುಳಕ್ಕೆ ಕಾದಿದ್ದೆ, ಹೊಡೆತಕ್ಕೆ ಕಾದಿದ್ದೆ. ಆ ನಗುವಿಗೆ ಕಾದಿರಲಿಲ್ಲ.

"ನನ್ನ ಉಣ್ಣಿಸಕ್ಕೆ ಎಷ್ಟೊಂದು ಸುಳ್ಳು ಹೇಳ್ತೀಯಪ್ಪ ನೀನು! ನನ್ನ ಒಡಹುಟ್ಟಿದೋರೂ ನನ್ನ ತಪ್ಪು ಹಿಂಗೆ ತಲೆ ಮೇಲೆ ಹಾಕ್ಕತಿರಲಿಲ್ಲ," ಎಂದಳು.

ಚಿತ್ತಪ್ಪನೂ ಎದ್ದು ಬಂದ. "ಬೇಡ ಭಾವ. ನಿನ್ನ ಗರಗಸಕ್ಕೆ ನೀನೇ ಕೆಟ್ಟ ಹೆಸರು ತರಬೇಡ. ಆ ಅಲಗು ಹೆಂಗೆ ಕೊಯ್ತಿತ್ತು ಅಂತ ನಾನು ನೋಡಿಲ್ವಾ?"

ಅವಳು ಸೆರಗು ಸಿಕ್ಕಿಸಿಕೊಂಡು ಮತ್ತೆ ಸುತ್ತಲು ತಿರುಗಿದಳು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇಷ್ಟು ದಿನ ಯಾರಿಗೂ ಗೊತ್ತಾಗದಿರಲಿ ಎಂದು ಬೇಡಿಕೊಂಡವನು ಈಗ ನಂಬಿ, ನಂಬಿ ಎಂದು ಗೋಗರೆಯಬೇಕಾಯಿತು. ಗೋಣಿ ಬಿಚ್ಚಿದೆ. ಒಳಗಿದ್ದ ಅಲಗು ಎರಡು ತುಂಡು: ಉದ್ದನೆಯದು ಒಂದು, ಅಡ್ಡಪಟ್ಟಿಯೊಳಗೆ ಉಳಿದಿದ್ದ ಗೇಣುದ್ದದ ಚೂರು ಒಂದು.

"ಚಿತ್ತಪ್ಪ, ನೀನು ಕೆಳಗೆ ನಿಲ್ಲೋನು. ಆವತ್ತು ನಿನ್ನ ಕೈಗೆ ಕೊಡಲಿಲ್ಲ. ಈಗ ನೋಡು," ಎಂದೆ.

ಉದ್ದನೆಯ ತುಂಡನ್ನು ಬದುವಿನ ಕಲ್ಲಿಗೆ ಅಡ್ಡ ಇಟ್ಟು, ಇನ್ನೊಂದು ಕಲ್ಲೆತ್ತಿ, ಬೆಂಕಿ ಮುಟ್ಟದ ಕಡೆ ಹೊಡೆದೆ. ಬಾಗಿ, ಠಣ್ಣೆಂದು ಚಿಮ್ಮಿ ನೆಟ್ಟಗಾಯಿತು. ಇನ್ನೊಮ್ಮೆ ಹೊಡೆದೆ, ಹಾಗೇ ಆಯಿತು. ಆಮೇಲೆ ತೂತಿದ್ದ ಚೂರನ್ನು ಇಟ್ಟು ಅಷ್ಟೇ ಬಲದಿಂದ ಹೊಡೆದೆ. ಹಪ್ಪಳದಂತೆ ಮೂರು ಚೂರಾಗಿ ಹಾರಿತು. ಒಂದು ಚೂರು ಚಿತ್ತಪ್ಪನ ಕಾಲ ಬಳಿ ಬಿತ್ತು. ಅವನು ಬಗ್ಗಿ ಅದನ್ನು ಎತ್ತಿಕೊಂಡು, ಉಳಿದ ಒಂದು ಕಣ್ಣಿನ ಹತ್ತಿರ ಹಿಡಿದು, ನೀಲಿಗಟ್ಟಿದ್ದ ಅಂಚನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಉಜ್ಜಿದ.

"ಬೆಂಕಿ ತಗಲೈತೆ," ಎಂದ. ಹೆಂಡತಿಗೆ ಹೇಳಿದ್ದು, ನನಗಲ್ಲ. "ನಿಜ ಕಣೆ. ಇದು ಮರ ಮಾಡಿದ್ದಲ್ಲ."

ಬೋರಕ್ಕನ ನಗು ಎಲ್ಲಿ ಹೋಯಿತೋ. ಚಂದ್ರಕ್ಕ ನನ್ನ ಪಕ್ಕದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಚಿತ್ತಪ್ಪ ಆ ಚೂರನ್ನು ಗುಂಡಿಯೊಳಗೆ ಹಾಕಿ, ಹೆಂಡತಿಯ ತೋಳು ಹಿಡಿದು ಊರ ಕಡೆ ಹೊರಟ. ಅವಳು ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಅತ್ಗೆ, ಮನೇಲಿ ಮುದ್ದೆ ಐತಾ?" ಎಂದು ಕೇಳಿದಳು.

"ಬಿಸಿಬಿಸಿ ಮಾಡಿಕೊಡ್ತೀನಿ, ಬಾರವ್ವ," ಎಂದು ಚಂದ್ರಕ್ಕ ಅಳುತ್ತಾ ಅವಳ ಇನ್ನೊಂದು ತೋಳು ಹಿಡಿದಳು.

ನಾನು ಹಿಂದೆ ಹಿಂದೆ ನಡೆದೆ. ನಮ್ಮ ಮನೆಗೇ ಹೋದರು. ನಾನು ಒಳಗೆ ಹೋಗಲಿಲ್ಲ, ಜಗಲಿಯ ತುದಿಯಲ್ಲಿ ಕೂತೆ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಚಂದ್ರಕ್ಕ ಮುದ್ದೆ ತಿರುವಿ, ತಮ್ಮನಿಗೂ ಬೋರಕ್ಕನಿಗೂ ಇಕ್ಕಿದಳು. ನನ್ನ ಊಟದ ತಣಿಗೆ ಗೋಡೆಗೆ ಒರಗಿಸಿದ್ದ ಹಾಗೇ ಇತ್ತು. ಬೋರಕ್ಕನ ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ, ಕೆಮ್ಮು ಬಂತು. ಚಂದ್ರಕ್ಕ ನೀರು ಕುಡಿಸಿದಳು. ಎರಡನೆಯದು ಇಳಿಯಿತು. ಆಮೇಲೆ ಅವಳು ತಲೆ ಎತ್ತದೆ, ಸಾರು ಮೊಣಕೈಗೆ ಇಳಿಯುತ್ತಿದ್ದರೂ ನೋಡದೆ, ಗಬಗಬನೆ ಉಂಡಳು.

ಮುಗಿಸಿ, ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಬಂದಳು. ನಾನು ಎದ್ದು ನಿಂತೆ.

"ದಿನಾ ನಮ್ಮನೆಗೆ ಬಂದು, ನನ್ನ ಕೈಯಲ್ಲೇ ಇಕ್ಕಿಸ್ಕೊಂಡು, ನನ್ನ ಎದುರಿಗೇ ಕುಂತು ಉಂಡೆಯಲ್ಲ," ಎಂದಳು. "ನಾನು ಉಪವಾಸ ಇರೋದು ನಿನಗೆ ಕಾಣ್ತಿತ್ತು. ಯಾಕೆ ಅಂತಾನೂ ನಿನಗೆ ಗೊತ್ತಿತ್ತು. ಹೆಂಗೆ ಇಳೀತು ನಿನ್ನ ಗಂಟಲಲ್ಲಿ?"

ಅಣ್ಣ ಅನ್ನಲಿಲ್ಲ. ಉತ್ತರಕ್ಕೂ ಕಾಯಲಿಲ್ಲ. ಒಳಗೆ ಹೋಗಿ ಕೂತು, ತಣಿಗೆ ಮುಂದಕ್ಕೆ ಸರಿಸಿ, "ಇನ್ನೊಂದು ಮುದ್ದೆ ಇಕ್ಕು ಅತ್ಗೆ," ಎಂದಳು. ನಾನು ಅಲ್ಲೇ ನಿಂತು ಅವಳು ಅದನ್ನು ಉಂಡು ಮುಗಿಸುವವರೆಗೂ ನೋಡಿದೆ.